ಮೆತ್ತೆ ಮೇಸ್ತ್ರಿಯೂ ಮುಚ್ಚಬಾರದ ಗಾಯವೂ

ಆ ಊರಿನಲ್ಲಿ ಯಾವ ಹೊತ್ತಿಗೆ ನೋಡಿದರೂ ಕೂತವರಲ್ಲಿ ಅರ್ಧಕ್ಕರ್ಧ ಜನ ಮೆತ್ತೆ ಮೇಸ್ತ್ರಿಯ ಕೈಕೆಲಸದ ಮೇಲೆ ಕೂತಿರುತ್ತಿದ್ದರು. ಬಸ್ಸಿನ ಸೀಟು, ಹಲ್ಲಿನ ಡಾಕ್ಟರ ಒರಗು ಕುರ್ಚಿ, ಕಟಿಂಗ್ ಶಾಪಿನ ತಿರುಗು ಕುರ್ಚಿ, ಬ್ಯಾಂಕಿನಲ್ಲಿ ಸರದಿ ಕಾಯುವವರ ಬೆಂಚು, ಸಿನಿಮಾ ಥಿಯೇಟರಿನ ಹಿಂದಿನ ಸಾಲುಗಳು, ಇವಕ್ಕೆಲ್ಲ ಫೋಮು ತುಂಬಿ ರೆಕ್ಸಿನ್ ಹೊದಿಸಿ ಹೊಲಿದವನು ಅವನೇ. ಅವನ ನಿಜವಾದ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹೆಂಡತಿಗೆ ಅವನು ‘ಏನ್ರೀ’, ಅಕ್ಕನಿಗೆ ‘ಲೋ’, ಉಳಿದವರಿಗೆಲ್ಲ ಮೆತ್ತೆ ಮೇಸ್ತ್ರಿ.

ಕೆಲಸದಲ್ಲಿ ಅವನಿಗೆ ಎರಡು ಹಟಗಳಿದ್ದವು. ಒಂದು, ಯಾವ ಸೀಟಿನಲ್ಲೂ ಹೊಲಿಗೆಯ ಬಾಯಿ ಕಾಣಬಾರದು. ದಾರದ ತುದಿ, ಬಟ್ಟೆಯ ಅಂಚು, ಮೊಳೆಯ ತಲೆ ಎಲ್ಲ ಒಳಗೇ ಅಡಗಬೇಕು. ಬಾಯಿ ಬಿಟ್ಟ ಕೆಲಸ ಕೆಲಸವೇ ಅಲ್ಲ ಎನ್ನುತ್ತಿದ್ದ. ಇನ್ನೊಂದು, ಗಿರಾಕಿಗೆ ಕೊಡುವ ಮೊದಲು ಪ್ರತಿಯೊಂದು ಸೀಟಿನ ಮೇಲೂ ತಾನೇ ಒಮ್ಮೆ ಕೂರುವುದು. ಸುಮ್ಮನೆ ಕೂರುವುದಲ್ಲ. ಕಣ್ಣು ಮುಚ್ಚಿ, ಭಾರ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಿಟ್ಟು, ಅಡುಗೆಗೆ ಉಪ್ಪು ನೋಡುವವರ ಹಾಗೆ ಮುಖ ಮಾಡಿಕೊಂಡು ಕೂರುತ್ತಿದ್ದ. ಕೈಯಿಂದ ಒತ್ತಿ ನೋಡಿದರೆ ಸಾಲದೇ ಎಂದು ಯಾರಾದರೂ ಕೇಳಿದರೆ, “ಕೂರೋದು ಕೈ ಅಲ್ವಲ್ಲ” ಎನ್ನುತ್ತಿದ್ದ.

ಆದ್ದರಿಂದ ಬಸ್ ಡಿಪೋದವರು ತಮ್ಮ ಸೀಟುಗಳನ್ನು ಒಯ್ಯಲು ಬಂದ ದಿನ ಅವನು ಒಂದರ ಮೇಲೂ ಕೂರದೆ ಎಲ್ಲವನ್ನೂ ಗಾಡಿಗೆ ಏರಿಸಿ ಕಳಿಸಿದಾಗ, ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಏನೋ ಎಡವಟ್ಟಾಗಿದೆ ಎಂಬುದು ಗೊತ್ತಾಯಿತು.

ಅವರ ಕಟ್ಟಡದ ಮುಂಭಾಗ ಅಂಗಡಿ, ಹಿಂಭಾಗ ಮನೆ. ಮಹಡಿಯ ಕೋಣೆ ಅಕ್ಕನದು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ದೂರದ ಊರಿನ ಲೈನಿಗೆ ಕೇಳಿಸುವಂತೆ ಮಾತಾಡಿ ಪಳಗಿದ ಗಂಟಲು ಅವಳದು. ಅವಳು ಗುಟ್ಟು ಹೇಳಿದರೂ ಎದುರು ಮನೆಯವರು ಹೂಂಗುಟ್ಟುತ್ತಿದ್ದರು. ಹೆಂಡತಿ ಬೀದಿಯ ಆಚೆ ಬದಿಯ ಲಾಂಡ್ರಿಯಲ್ಲಿ ಕಲೆ ತೆಗೆಯುವ ಕೆಲಸ ಮಾಡುತ್ತಿದ್ದಳು. ಅಂಗಿಯ ಮೇಲಿನ ಕಲೆ ನೋಡಿ ಹಿಂದಿನ ದಿನದ ಕಥೆ ಹೇಳಬಲ್ಲವಳು, ಗಂಡನ ಮುಖ ನೋಡಿ ಹೇಳಲಾರಳೇ?

“ಯಾಕ್ರೀ ನಿಂತ್ಕೊಂಡು ಊಟ ಮಾಡ್ತಿದೀರಿ?”

“ಸೊಂಟ ಹಿಡ್ಕೊಂಡಿದೆ.”

“ಸೊಂಟ ಹಿಡಿದವರು ಬಗ್ಗಲಾರರು. ನೀವು ಬಗ್ಗಿ ತಟ್ಟೆ ಎತ್ಕೊಂಡ್ರಿ.”

ಅವನು ತಟ್ಟೆಯನ್ನು ಕಪಾಟಿನ ಮೇಲಿಟ್ಟು ಗೋಡೆ ನೋಡುತ್ತ ಉಂಡ. ನಿಜ ಸಂಗತಿ ಎಂದರೆ, ಮಲದ್ವಾರದ ಪಕ್ಕದಲ್ಲಿ ಗಂಟೊಂದು ಎದ್ದು ಮುಟ್ಟಿದರೆ ಜೀವ ಹೋಗುವಷ್ಟು ನೋಯುತ್ತಿತ್ತು. ಮೂಲವ್ಯಾಧಿ ಇರಬೇಕೆಂದು ತಾನೇ ತೀರ್ಮಾನಿಸಿ, ಗುರುತಿನವರಿಲ್ಲದ ಬೀದಿಯ ಔಷಧದ ಅಂಗಡಿಗೆ ಹೋಗಿ ಮುಲಾಮು ತಂದಿದ್ದ. ಮುಲಾಮಿಗೂ ಅವನ ಗಂಟಿಗೂ ಯಾವ ಸಂಬಂಧವೂ ಇರಲಿಲ್ಲ. ಗಂಟು ಕೆಂಪಾಗಿ ಬಿಗಿದು, ನಡೆದರೆ ಮಿಡಿಯತೊಡಗಿತು. ಕೊನೆಗೆ ಚಳಿಜ್ವರ ಬಂದು ಅವನು ಅಂಗಡಿಯ ಫೋಮಿನ ರಾಶಿಯ ಮೇಲೆ ಬೋರಲು ಬಿದ್ದುಕೊಂಡಾಗ ಹೆಂಡತಿ ಹಣೆ ಮುಟ್ಟಿ ನೋಡಿದಳು. ಆಟೋ ಕರೆದಳು. ಆಟೋದಲ್ಲಿ ಅವನು ಸೀಟಿನ ಮೇಲೆ ಕೂರಲಾರದೆ ಮಂಡಿಯೂರಿ, ಹಿಂಬದಿಯ ಗಾಜಿನಲ್ಲಿ ಊರು ನೋಡುತ್ತ ಆಸ್ಪತ್ರೆ ಮುಟ್ಟಿದ. ಆ ಸೀಟೂ ಅವನೇ ಹೊಲಿದದ್ದು.

ಆಸ್ಪತ್ರೆಯಲ್ಲಿ ಅವನನ್ನು ಪರೀಕ್ಷಿಸಿದ ಸರ್ಜನ್ ಹೆಂಗಸು, ವಯಸ್ಸಿನಲ್ಲಿ ಅವನಿಗಿಂತ ಬಹಳ ಚಿಕ್ಕವಳು. ಮೇಸ್ತ್ರಿ ಪರದೆಯ ಹಿಂದೆ ಪಕ್ಕಕ್ಕೆ ಹೊರಳಿ ಮಲಗಿ, ಮಂಡಿ ಎದೆಗೆ ಒತ್ತಿಕೊಂಡು, ಇನ್ನು ಈ ಲೋಕದಲ್ಲಿ ಮುಖ ಎತ್ತಿ ತಿರುಗುವುದು ಹೇಗೆ ಎಂದು ಯೋಚಿಸುತ್ತಿದ್ದ. ಡಾಕ್ಟರಮ್ಮನಿಗೆ ಅವನ ಮುಖದ ಚಿಂತೆ ಇರಲಿಲ್ಲ.

“ಇದು ಮೂಲವ್ಯಾಧಿ ಅಲ್ಲ, ಕುರು” ಎಂದಳು. “ಮಲದ್ವಾರದ ಒಳಗೆ ಸಣ್ಣ ಸಣ್ಣ ಗ್ರಂಥಿಗಳಿರ್ತವೆ. ಅದರಲ್ಲಿ ಒಂದು ಕಟ್ಕೊಂಡು ಸೋಂಕಾಗಿ ಕೀವು ತುಂಬಿದೆ. ಬರೀ ಮಾತ್ರೆಗೆ ಇದು ಬಗ್ಗಲ್ಲ. ಕೊಯ್ದು ಹೊರಗೆ ಬಿಡಬೇಕು. ತಡ ಮಾಡಿದ್ರೆ ಒಳಗೊಳಗೇ ಹರಡುತ್ತೆ.”

ಅರಿವಳಿಕೆ ಕೊಟ್ಟು ಕುರುವನ್ನು ಕೊಯ್ದರು. ಎಚ್ಚರವಾದಾಗ ನೋವಿನ ಮುಕ್ಕಾಲು ಪಾಲು ಇಳಿದಿತ್ತು. ಮರುದಿನ ಮನೆಗೆ ಕಳಿಸುವಾಗ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದಳು. ಬೆಚ್ಚಗಿನ ನೀರಿನ ಟಬ್ಬಿನಲ್ಲಿ ದಿನಕ್ಕೆ ಮೂರು ಸಲ ಕೂರಬೇಕು, ಮಲವಿಸರ್ಜನೆ ಆದಮೇಲಂತೂ ತಪ್ಪಿಸಬಾರದು. ಗಾಯದ ಬಾಯಿಗೆ ಗಾಜ್ ಎಂಬ ಜಾಳು ಬಟ್ಟೆಯನ್ನು ಸಡಿಲವಾಗಿ ಇಡಬೇಕು. ನೀರು ಚೆನ್ನಾಗಿ ಕುಡಿಯಬೇಕು, ತರಕಾರಿ, ಹಣ್ಣು ತಿನ್ನಬೇಕು, ತಿಣುಕುವ ಹಾಗೆ ಆಗಬಾರದು. ಜ್ವರ ಬಂದರೆ, ನೋವು ಮತ್ತೆ ಏರಿದರೆ, ಮೂತ್ರ ಕಟ್ಟಿದರೆ ಕಾಯದೆ ಬರಬೇಕು. ಸಕ್ಕರೆ ಕಾಯಿಲೆ ಇದ್ದರೆ ಗಾಯ ಮಾಯುವುದು ಕಷ್ಟ ಎಂದು ರಕ್ತವನ್ನೂ ನೋಡಿದ್ದರು. ಅದು ಸರಿಯಾಗಿತ್ತು.

“ಮತ್ತೆ ಹೊಲಿಗೆ?” ಎಂದು ಕೇಳಿದ ಮೇಸ್ತ್ರಿ. ಅಷ್ಟು ಹೊತ್ತಿನಲ್ಲಿ ಅವನು ಬಾಯಿ ಬಿಟ್ಟದ್ದು ಅದೊಂದೇ ಸಲ.

“ಹೊಲಿಗೆ ಹಾಕಿಲ್ಲ. ಬೇಕಂತಲೇ ತೆರೆದು ಬಿಟ್ಟಿದೀನಿ. ತಳದಿಂದ ಮೇಲಕ್ಕೆ ತುಂಬ್ಕೊಂಡು ಬರಬೇಕು. ಕೆಲವು ವಾರ ಹಿಡಿಯುತ್ತೆ. ಆಮೇಲೂ ಎಷ್ಟೋ ಜನಕ್ಕೆ ಒಳಗಿಂದ ಚರ್ಮದವರೆಗೆ ಒಂದು ಸುರಂಗದ ಥರ ಉಳ್ಕೊಳ್ಳುತ್ತೆ. ಭಗಂದರ ಅಂತಾರಲ್ಲ, ಫಿಸ್ಟುಲಾ, ಅದು. ಹಾಗಾಗಿ ತೋರಿಸೋಕೆ ಬರೋದನ್ನ ಮರೀಬೇಡಿ.”

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಮೇಸ್ತ್ರಿಯ ಕಿವಿಗೆ ಬಿದ್ದದ್ದು ಒಂದೇ ಮಾತು, ತೆರೆದು ಬಿಟ್ಟಿದ್ದಾರೆ ಎಂಬುದು.

ಮನೆಗೆ ಬಂದವನು ಎರಡು ದಿನ ಹೇಳಿದ ಹಾಗೆ ಕೇಳಿದ. ನೋವು ಇಳಿದಂತೆ ಅಸಮಾಧಾನ ಏರಿತು. “ಇಷ್ಟು ಓದಿದಾರೆ, ಕೊನೇಲಿ ನಾಲ್ಕು ಹೊಲಿಗೆ ಹಾಕೋಕೆ ಕೈ ನೋಯ್ತಾ ಇವರಿಗೆ?” ಎಂದು ಹೆಂಡತಿಯ ಹತ್ತಿರ ಗೊಣಗಿದ. “ನಾನು ಹೀಗೆ ಬಾಯಿ ಬಿಟ್ಟ ಸೀಟು ಕೊಟ್ರೆ ಡಿಪೋದವರು ಮುಖಕ್ಕೆ ಎಸೀತಾರೆ.”

“ಅದು ತಳದಿಂದ ತುಂಬಬೇಕಂತೆ.”

“ತುಂಬೋದು ನನಗೆ ಹೇಳ್ಕೊಡ್ತಾರಾ?”

ಮಹಡಿಯಿಂದ ಅಕ್ಕನ ದನಿ ಇಳಿದು ಬಂತು. “ಏನೋ ಅದು ತುಂಬೋದು?”

“ಏನಿಲ್ಲ ಅಕ್ಕ, ಸೊಂಟ.”

“ಸೊಂಟಕ್ಕೆ ಯಾರೋ ಟಬ್ಬಲ್ಲಿ ಕೂರ್ತಾರೆ? ಮೂರು ಹೆತ್ತವಳು ಕಣೋ ನಾನು. ಟಬ್ಬಲ್ಲಿ ಕೂತಿದ್ದು ನೀನೇ ಮೊದಲು ಅಂದ್ಕೊಂಡಿದೀಯ? ನೀರು ಆರೋಕೆ ಬಿಡಬೇಡ.”

ಎದುರು ಮನೆಯ ಕಿಟಕಿ ತೆರೆದುಕೊಂಡ ಸದ್ದು ಕೇಳಿಸಿತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ.

ಡ್ರೆಸ್ಸಿಂಗ್ ತಾನೇ ಮಾಡಿಕೊಳ್ಳುತ್ತೇನೆ, ನೀನು ನೋಡುವುದು ಬೇಡ ಎಂದು ಹೆಂಡತಿಯನ್ನು ದೂರವಿಟ್ಟ. ಅವಳು ಸಂಕೋಚ ಎಂದುಕೊಂಡು ಒಪ್ಪಿದಳು. ಅಲ್ಲೇ ಅವಳ ಲೆಕ್ಕ ತಪ್ಪಿತು. ಅವನು ಬಚ್ಚಲಿನ ಬಾಗಿಲು ಹಾಕಿಕೊಂಡು, ಒಂದು ಕನ್ನಡಿಯನ್ನು ನೆಲಕ್ಕಿಟ್ಟು ಇನ್ನೊಂದನ್ನು ಕೈಯಲ್ಲಿ ಹಿಡಿದು, ಮೂವತ್ತು ವರ್ಷದ ಅನುಭವವನ್ನೆಲ್ಲ ಆ ಗಾಯದ ಮೇಲೆ ಪ್ರಯೋಗಿಸಿದ. ಗಾಜ್ ಬಟ್ಟೆ ಕಿತ್ತೆಸೆದ. ಗಾಯದ ಎರಡು ಅಂಚುಗಳನ್ನು ಎಳೆದು ಕೂಡಿಸಿ, ಮೇಲೆ ಅಂಟುಪಟ್ಟಿಯನ್ನು ಬಿಗಿಯಾಗಿ ಅಡ್ಡಡ್ಡ ಹಾಕಿದ. ಪಟ್ಟಿ ನೆನೆಯುತ್ತದೆಂದು ಟಬ್ಬಿನಲ್ಲಿ ಕೂರುವುದನ್ನೂ ಬಿಟ್ಟು, ನೀರು ಕಲಕುವ ಸದ್ದು ಮಾತ್ರ ಮಾಡಿ ಹೊರಗೆ ಬರುತ್ತಿದ್ದ. ಕೆಲಸ ಅಚ್ಚುಕಟ್ಟಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಎರಡನೆಯ ವಾರಕ್ಕೆ ಚರ್ಮ ಮೇಲುಮೇಲೆ ಕೂಡಿಕೊಂಡಿತು. ಕನ್ನಡಿಯಲ್ಲಿ ನೋಡಿದರೆ ಹೊಲಿಗೆಯ ಬಾಯಿ ಕಾಣಿಸಲಿಲ್ಲ.

ಅಷ್ಟು ಸಾಲದೆಂದು ನಡುವೆ ತೂತಿರುವ ಒಂದು ದುಂಡು ಮೆತ್ತೆ ಹೊಲಿದುಕೊಂಡು ಅದರ ಮೇಲೆ ಕೂತು ಕೆಲಸ ಶುರು ಮಾಡಿದ. ತೋರಿಸಲು ಹೋಗಬೇಕಾದ ದಿನ ಬಂದಾಗ, “ಮಾಯ್ದಿದೆ, ಇನ್ನೇನು ತೋರಿಸೋದು” ಎಂದ. ಲಾಂಡ್ರಿಯಲ್ಲಿ ಕೆಲಸ ಹೆಚ್ಚಿದ್ದ ಕಾಲ. ಹೆಂಡತಿ ಎರಡು ಸಲ ಹೇಳಿ, ಮೂರನೆಯ ಸಲ ಸಿಟ್ಟುಮಾಡಿಕೊಂಡು, ಸುಮ್ಮನಾದಳು.

ಅದೇ ದಿನಗಳಲ್ಲಿ ಫೋಟೋ ಸ್ಟುಡಿಯೋದವನು ಒಂದು ಬೆಂಚನ್ನು ಕೊಟ್ಟಿದ್ದ. ಮದುವೆಯಾದ ಜೋಡಿಗಳನ್ನೂ ಆರು ತಿಂಗಳ ಮಕ್ಕಳನ್ನೂ ಕೂರಿಸಿ ಫೋಟೋ ತೆಗೆಯುವ ಬೆಂಚು. ಅದಕ್ಕೆ ಕೆನೆ ಬಣ್ಣದ ನಯವಾದ ಬಟ್ಟೆಯೇ ಆಗಬೇಕೆಂದು ಹಟ ಹಿಡಿದಿದ್ದ. ಮೇಸ್ತ್ರಿ ಅದನ್ನು ಹೊಲಿದು, ಸ್ಟುಡಿಯೋಗೆ ಒಯ್ದು, ದೀಪಗಳ ನಡುವೆ ಇಟ್ಟು, ಪದ್ಧತಿಯಂತೆ ಅದರ ಮೇಲೆ ಕೂತ. ಎಡಕ್ಕೆ ಭಾರ ಬಿಟ್ಟ. ಬಲಕ್ಕೆ ಬಿಟ್ಟಾಗ ಒಳಗೆ ಏನೋ ಚುಳ್ಳೆಂದು, ಆಮೇಲೆ ಬೆಚ್ಚಗಾಯಿತು. ಎದ್ದು ನೋಡಿದರೆ ಕೆನೆ ಬಟ್ಟೆಯ ಮೇಲೆ ಹುಣಸೆ ಬೀಜದಷ್ಟು ಒದ್ದೆ.

ಅವನು ಹೆಗಲ ಮೇಲಿನ ಬಟ್ಟೆಯನ್ನು ತಟ್ಟನೆ ಅದರ ಮೇಲೆ ಹಾಸಿದ. “ಒಂದು ಹೊಲಿಗೆ ಕೂತಿಲ್ಲ. ವಾಪಸ್ ತಗೊಂಡ್ ಹೋಗ್ತೀನಿ.”

“ಎಲ್ಲಿ ಮೇಸ್ತ್ರಿ? ನನಗೇನೂ ಕಾಣ್ತಿಲ್ಲ.”

“ನಿಮಗೆ ಕಾಣಲ್ಲ.”

“ನಿಮ್ಮಂಥ ಕೆಲಸಗಾರರು ಇನ್ನು ಹುಟ್ಟಲ್ಲ ಬಿಡಿ” ಎಂದು ಸ್ಟುಡಿಯೋದವನು ಗೌರವದಿಂದ ಬಾಗಿಲು ಹಿಡಿದುಕೊಂಡು ನಿಂತ. ಮೇಸ್ತ್ರಿ ಬೆಂಚನ್ನು ಹೊತ್ತುಕೊಂಡು ಗೋಡೆಗೆ ಬೆನ್ನು ಕೊಟ್ಟು ಪಕ್ಕಪಕ್ಕಕ್ಕೆ ಹೆಜ್ಜೆಯಿಡುತ್ತ ಹೊರಬಿದ್ದ.

ಮನೆಗೆ ಬಂದು ಬೆಂಚಿನ ಕೆನೆ ಬಟ್ಟೆಯನ್ನು ಬಿಚ್ಚಿ ಸೋಪು ಹಾಕಿ ಉಜ್ಜಿದ. ಕಲೆ ಅಗಲವಾಯಿತು. ಬಿಸಿನೀರು ಹಾಕಿದ. ಕಲೆ ಕಚ್ಚಿಕೊಂಡು ಕೂತಿತು. ಊರಿನ ಕಲೆಗಳನ್ನೆಲ್ಲ ತೆಗೆಯುವವಳು ಮನೆಯಲ್ಲೇ ಇರುವಾಗ ಅದನ್ನು ಅವಳಿಂದ ಮುಚ್ಚಿಡಲು ಅವನು ನೀರಿನ ಕೊಡದ ಹಿಂದೆ ಒಣಹಾಕಿದ. ಸಂಜೆ ಹೆಂಡತಿ ಬಂದವಳು ಕೊಡ ಎತ್ತಲು ಹೋಗಿ ಬಟ್ಟೆ ಕಂಡಳು. ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು.

“ಇದು ಬರೀ ರಕ್ತ ಅಲ್ಲ. ಕೀವು ಸೇರಿದೆ. ಬಿಸಿನೀರು ಬೇರೆ ಹಾಕಿದೀರಿ.”

ಅವನು ದಬ್ಬಣಕ್ಕೆ ದಾರ ಪೋಣಿಸುತ್ತ ಕೂತಿದ್ದ. ಪೋಣಿಸುತ್ತಲೇ ಇದ್ದ.

“ಎಷ್ಟು ದಿನದಿಂದ ಸೋರ್ತಿದೆ?”

“ಸ್ವಲ್ಪ ದಿನದಿಂದ. ಒಂದೊಂದು ಸಲ ತಾನಾಗಿ ನಿಲ್ಲುತ್ತೆ. ನಿಂತಾಗ ನೋವು. ಸೋರಿದ್ರೆ ನೋವು ಕಮ್ಮಿ.”

“ನಾಳೆ ಆಸ್ಪತ್ರೆಗೆ ಹೋಗೋಣ.”

“ನಾನು ಬರಲ್ಲ.”

ಹೆಂಡತಿ ಬಟ್ಟೆಯನ್ನು ತಣ್ಣೀರಿನ ಬಕೆಟ್ಟಿಗೆ ಹಾಕಿ ಅವನ ಎದುರಿಗೆ ಬಂದು ಕೂತಳು. ಕೋಪ ಬಂದಾಗ ಅವಳು ದನಿ ಏರಿಸುತ್ತಿರಲಿಲ್ಲ, ಕೂರುತ್ತಿದ್ದಳು. ಅವಳು ಎದ್ದು ಹೋಗುವವಳಲ್ಲ ಎಂದು ಖಾತ್ರಿಯಾದ ಮೇಲೆ ಅವನು ಹೇಳಿದ. ಪಕ್ಕದ ಕಟಿಂಗ್ ಶಾಪಿನವನು ಸುಮ್ಮನೆ ಮಾತಿಗೆ ಮಾತು ಬಂದು ಹೇಳಿದ್ದಂತೆ. ಅವನ ಗಿರಾಕಿಯೊಬ್ಬನಿಗೆ ಇದೇ ಭಗಂದರಕ್ಕೆ ಎಲ್ಲೋ ಕೊಯ್ದು, ಮಲ ತಡೆದುಕೊಳ್ಳುವ ಮಾಂಸವೇ ಕತ್ತರಿಸಿ ಹೋಯಿತಂತೆ. ಆಮೇಲೆ ಅವನು ಮಕ್ಕಳ ಹಾಗೆ ಬಟ್ಟೆ ಕಟ್ಟಿಕೊಂಡೇ ತಿರುಗಬೇಕಾಯಿತಂತೆ.

“ನನ್ನ ಕೆಲಸ ಏನು ಹೇಳು” ಎಂದ ಮೇಸ್ತ್ರಿ. “ಜನರ ಸೀಟಿನ ಮೇಲೆ ಕೂತು ನೋಡೋದು. ತಡ್ಕೊಳ್ಳೋಕಾಗದೆ ಇರೋ ಮನುಷ್ಯನ್ನ ಯಾರು ತಮ್ಮ ಕುರ್ಚಿ ಮೇಲೆ ಕೂರಿಸ್ಕೋತಾರೆ? ಸೋರಿದ್ರೆ ಸೋರಲಿ. ಇದನ್ನ ಬಟ್ಟೆ ಮಡಿಸಿ ಇಟ್ಕೊಂಡು ತಡೀತೀನಿ. ಅದನ್ನ ತಡೆಯೋಕಾಗಲ್ಲ.”

ಸಮಾಧಾನದ ಮಾತು ಹೆಂಡತಿಗೆ ಬರುತ್ತಿರಲಿಲ್ಲ, ಬಂದರೂ ಅವನಿಗೆ ನಾಟುತ್ತಿರಲಿಲ್ಲ.

“ಥಿಯೇಟರಿನವರ ಛಾವಣಿ ಸೋರಿ ಸೀಟೆಲ್ಲ ನೆಂದಿತ್ತಲ್ಲ, ಆವಾಗ ಏನು ಮಾಡಿದ್ರಿ?”

“ಬಿಚ್ಚಿ ಹಾಕಿದೆ. ಒಳಗೆ ಒಣಗೋವರೆಗೂ ಬಾಯಿ ತೆರೆದೇ ಇಟ್ಟೆ.”

“ಯಾಕೆ? ಮೇಲೆ ಹೊಸ ರೆಕ್ಸಿನ್ ಎಳೆದು ಹೊಲಿದುಬಿಡಬೇಕಾಗಿತ್ತು.”

“ಒಳಗೆ ಕೊಳೆಯುತ್ತಲ್ಲ” ಎಂದವನು ಅಲ್ಲಿಗೆ ನಿಂತ. ಆಮೇಲೆ, “ಅದು ಸೀಟು” ಎಂದ.

“ಹೌದೌದು. ನಿಮ್ಮದು ಸಿಂಹಾಸನ.”

ಮಹಡಿಯಿಂದ ಯಾರೋ ನಕ್ಕರು. ಯಾರೋ ಏನು, ಅಲ್ಲಿ ಇದ್ದವಳು ಒಬ್ಬಳೇ.

“ಅವನಿಗೆ ಹೇಳೇ” ಎಂದಳು ಅಕ್ಕ, ಅಷ್ಟೂ ಮಾತನ್ನು ಕೇಳಿಸಿಕೊಂಡವಳು. “ಆ ಕಟಿಂಗ್ ಶಾಪಿನವನಿಗೆ ಕಿವಿಯ ಹಿಂದೆ ಕೂದಲು ಸರಿಯಾಗಿ ತೆಗೆಯೋಕೆ ಬರಲ್ಲ. ಕೆಳಗಿನ ವಿಷಯಕ್ಕೆ ಅವನನ್ನ ಕೇಳಿ ಕೂತಿದಾನಲ್ಲ, ಡಾಕ್ಟರನ್ನೇ ಕೇಳೋಕೆ ಏನು ಧಾಡಿ ಅಂತ.”

ಮರುದಿನ ಬೆಳಿಗ್ಗೆ ಮೂವರೂ ಆಸ್ಪತ್ರೆಗೆ ಹೋದರು. ಅಕ್ಕನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಬಾಗಿಲು ಭದ್ರವಾಗಿ ಹಾಕಲಾಯಿತು.

ಡಾಕ್ಟರಮ್ಮ ನೋಡಿದಳು. ಮಾಯ್ದ ಚರ್ಮವನ್ನೂ ಅದರ ಪಕ್ಕದಲ್ಲಿ ಹೊಸದಾಗಿ ಎದ್ದ ಸಣ್ಣ ರಂಧ್ರವನ್ನೂ ನೋಡಿದಳು. “ಅಂಟುಪಟ್ಟಿ ಹಾಕಿ ಎಳೆದಿದೀರಾ?” ಎಂದು ಕೇಳಿದಳು. ಮೇಸ್ತ್ರಿ ಒಪ್ಪಿಕೊಂಡ. ತೂತಿನ ಮೆತ್ತೆಯ ಸಂಗತಿಯನ್ನು ಹೆಂಡತಿ ಸೇರಿಸಿದಳು.

“ಮೇಲೆ ಮುಚ್ಚಿತು, ಒಳಗೆ ಕೀವು ಮತ್ತೆ ಕಟ್ಟಿತು. ಆದರೆ ಸುರಂಗ ಆಗಿರೋದು ನೀವು ಅಂಟಿಸಿದ್ರಿಂದ ಮಾತ್ರ ಅಂತ ನಾನು ಹೇಳಲ್ಲ. ಎಲ್ಲ ಸರಿಯಾಗಿ ಮಾಡ್ಕೊಂಡವರಿಗೂ ಆಗುತ್ತೆ. ಹೇಳಿದ ದಿನ ಬಂದಿದ್ರೆ ಬೇಗ ಗೊತ್ತಾಗ್ತಿತ್ತು, ಅಷ್ಟೇ. ಇನ್ನು ಆ ತೂತಿನ ಮೆತ್ತೆ ಬಿಡಿ, ಸುತ್ತ ಒತ್ತಿ ನಡುವಿನ ಭಾಗವನ್ನ ಎಳೆಯುತ್ತೆ. ಮಾಮೂಲಿ ಮೆತ್ತೆ ಸಾಕು. ಆಗಾಗ ಎದ್ದು ಓಡಾಡಿ.”

ತನ್ನ ಮೆತ್ತೆಗೆ ಕುಂದು ಹೇಳಿದ್ದನ್ನು ಬೇರೆ ದಿನವಾದರೆ ಅವನು ಸಹಿಸುತ್ತಿರಲಿಲ್ಲ. ಈಗ ಅವನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಕೂತಿತ್ತು. ಹೆಂಡತಿ ತಾನು ಕೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಅದನ್ನು ಅವನೇ ಕೇಳಬೇಕಿತ್ತು.

“ಕೊಯ್ದ ಮೇಲೆ,” ಎಂದ ಮೇಸ್ತ್ರಿ, ಮೇಜಿನ ಅಂಚು ನೋಡುತ್ತ, “ತಡ್ಕೊಳ್ಳೋಕಾಗುತ್ತಾ?”

“ಒಳ್ಳೆ ಪ್ರಶ್ನೆ. ಎಲ್ಲರಿಗೂ ಇರೋ ಭಯ ಇದೇ, ಕೇಳೋರು ಕಡಿಮೆ” ಎಂದು ಡಾಕ್ಟರಮ್ಮ ಕಾಗದ ಎಳೆದುಕೊಂಡು ಒಂದರೊಳಗೊಂದು ಎರಡು ಉಂಗುರ ಬರೆದಳು. “ಇವೆರಡು ಸ್ನಾಯು. ತಡೆದುಕೊಳ್ಳೋ ಕೆಲಸ ಇವುಗಳದ್ದು. ಸುರಂಗ ಇವನ್ನ ದಾಟಿ ಹೋಗಿದೆಯಾ, ಎಷ್ಟು ದಾಟಿದೆ ಅಂತ ಮೊದಲು ಸ್ಕ್ಯಾನ್ ಮಾಡಿ ನೋಡ್ತೀವಿ. ಚರ್ಮದ ಹತ್ತಿರವೇ ಇದ್ರೆ ಸೀಳಿ ತೆರೆದುಬಿಡಬಹುದು. ಜಾಸ್ತಿ ಸ್ನಾಯು ಸಿಕ್ಕಿಕೊಂಡಿದ್ರೆ ನಾನು ಸೀಳಲ್ಲ. ಸುರಂಗದೊಳಗಿಂದ ಒಂದು ದಾರ ತೂರಿಸಿ ಸಡಿಲವಾಗಿ ಗಂಟು ಹಾಕಿ ಬಿಡ್ತೀನಿ. ದಾರ ಇರೋವರೆಗೂ ಬಾಯಿ ಮುಚ್ಚಲ್ಲ, ಕೀವು ಹರಿದು ಹೋಗುತ್ತೆ, ಸ್ನಾಯುಗೆ ಏಟಿಲ್ಲ. ಸೋಂಕು ಪೂರ್ತಿ ಇಳಿದ ಮೇಲೆ ಮುಂದಿಂದು ಯೋಚಿಸ್ತೀವಿ.”

“ಎಂಥ ದಾರ?”

“ರಬ್ಬರಿನಂಥದ್ದು. ನುಣುಪಾಗಿರುತ್ತೆ.”

“ಗಂಟು ಒಳಗಾ, ಹೊರಗಾ?”

“ಹೊರಗೆ.”

ಅವನಿಗೆ ಅದು ಹಿಡಿಸಲಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು. ಆದರೂ ಅಷ್ಟು ದಿನಗಳಲ್ಲಿ ಮೊದಲ ಸಲ ಅವನು ಡಾಕ್ಟರಮ್ಮನ ಮುಖ ನೋಡಿ ಮಾತಾಡಿದ. “ಗ್ಯಾರಂಟಿ ಕೊಡ್ತೀರಾ?”

“ಇಲ್ಲ. ಹೆಚ್ಚಿನವರಿಗೆ ಏನೂ ತೊಂದರೆ ಆಗಲ್ಲ. ಕೆಲವರಿಗೆ ಗಾಳಿ ತಡೆಯೋದು ಸ್ವಲ್ಪ ಸಡಿಲ ಆಗಬಹುದು. ಸುರಂಗ ಮತ್ತೆ ಬರೋದೂ ಉಂಟು, ಇನ್ನೊಂದು ಆಪರೇಷನ್ ಬೇಕಾಗೋದೂ ಉಂಟು. ಆದರೆ ಹೀಗೇ ಬಿಟ್ರೆ ಕವಲು ಒಡೆದುಕೊಂಡು ಹೋಗುತ್ತೆ. ಆವಾಗ ಸ್ನಾಯು ಉಳಿಸೋದು ನನ್ನ ಕೈಯಲ್ಲೂ ಇರಲ್ಲ.”

ಗ್ಯಾರಂಟಿ ಕೊಟ್ಟಿದ್ದರೆ ಅವನು ಬಹುಶಃ ನಂಬುತ್ತಿರಲಿಲ್ಲ. ಅವನೂ ಯಾವ ಸೀಟಿಗೂ ಗ್ಯಾರಂಟಿ ಕೊಟ್ಟವನಲ್ಲ. “ಆಗಲಿ” ಎಂದ.

ಸ್ಕ್ಯಾನಿನಲ್ಲಿ ಸುರಂಗ ಸ್ನಾಯುವನ್ನು ದಾಟಿ ಹೋಗಿರುವುದು ಕಂಡಿತು. ದಾರ ಹಾಕಿದರು. ಈ ಸಲ ಮನೆಗೆ ಬಂದವನು ಬಚ್ಚಲಿನ ಕನ್ನಡಿಗಳನ್ನು ತಾನೇ ತೆಗೆದು ಹೆಂಡತಿಯ ಕೈಗೆ ಕೊಟ್ಟ. ಗಾಜ್ ಬಟ್ಟೆ ಇಡುವ ಕೆಲಸ ಅವಳದಾಯಿತು. ಮೊದಲ ಸಲ ಇಟ್ಟಾಗ, “ದಾರದ ತುದಿ ಕಾಣ್ತಿದೆಯಾ?” ಎಂದು ಕೇಳಿದ. ಕಾಣುತ್ತಿದೆ ಎಂದಳು. “ಥೂ” ಎಂದು ದಿಂಬಿನಲ್ಲಿ ಮುಖ ಹುದುಗಿಸಿದ.

ಅದನ್ನು ಸಹಿಸಿಕೊಂಡ. ಸಹಿಸಲಾಗದೆ ಉಳಿದದ್ದು ಇನ್ನೊಂದು. ಆಪರೇಷನ್ ಆದಾಗಿನಿಂದ ಅವನಿಗೆ ಮಲವಿಸರ್ಜನೆ ಆಗಿರಲಿಲ್ಲ. ಆದಾಗ ಏನಾಗುತ್ತದೋ ಎಂಬ ಹೆದರಿಕೆಗೆ ಅವನು ಊಟವನ್ನೇ ಕಡಿಮೆ ಮಾಡಿದ. ಹೆಂಡತಿ ಡಾಕ್ಟರಮ್ಮ ಕೊಟ್ಟ ಪುಡಿಯನ್ನು ನೀರಿನಲ್ಲಿ ಕದಡಿ, ಲೋಟ ಖಾಲಿಯಾಗುವವರೆಗೆ ಎದುರಿಗೆ ನಿಂತು ಕುಡಿಸಿದಳು. ಅಕ್ಕ ಮಹಡಿಯಿಂದ ಹಣ್ಣಿನ ತಟ್ಟೆ ಹಿಡಿದು ಇಳಿದು ಬಂದು ಪಪ್ಪಾಯಿ ತಿನ್ನಿಸಿದಳು. ಮನೆಯಲ್ಲಿ ಮೂವರೂ ಬೇರೆ ಮಾತು ಬಿಟ್ಟು ಅದಕ್ಕಾಗಿಯೇ ಕಾದರು.

ಕಡೆಗೊಂದು ಬೆಳಿಗ್ಗೆ ಅವನು ಕತ್ತರಿ ಕೆಳಗಿಟ್ಟು, ಯಾರನ್ನೂ ನೋಡದೆ, ಅವಸರ ತೋರಿಸಿಕೊಳ್ಳದೆ ಒಳಗೆ ನಡೆದು ಕಕ್ಕಸಿನ ಬಾಗಿಲು ಹಾಕಿಕೊಂಡ. ಹೆಂಡತಿ ಬಾಗಿಲ ಬಳಿ ಬಂದು ನಿಂತಳು.

“ಏನ್ರೀ, ಆಯ್ತಾ?”

ಅವಳು ಬಾಗಿಲಿಗೆ ಕಿವಿಯಿಟ್ಟಳು.

“ನೋವಿದೆಯಾ? ತಿಣುಕಬೇಡಿ. ಉಸಿರು ಬಿಡಿ ಅಂದಿದಾರೆ.”

“ಏನಾಯ್ತಂತೆ?” ಎಂದು ಮಹಡಿಯಿಂದ ಅಕ್ಕ ಕೇಳಿದಳು.

“ಇನ್ನೂ ಇಲ್ಲ ಅಕ್ಕ.”

“ಕಾಲ ಕೆಳಗೆ ಮಣೆ ಇಟ್ಕೋ ಅನ್ನು. ಮಂಡಿ ಮೇಲೆ ಬಂದ್ರೆ ಸಲೀಸು.”

“ಮಣೆ ಕೊಡ್ಲೇನ್ರೀ?”

“ನೀನು ಅಲ್ಲಿಂದ ಹೋಗ್ತೀಯಾ ಇಲ್ವಾ?” ಎಂದು ಒಳಗಿನಿಂದ ಬಿಗಿದ ದನಿ ಬಂತು.

ಅವಳು ಅಡುಗೆಮನೆಗೆ ಹೋಗಿ, ಟಬ್ಬಿಗೆ ಬೇಕಾಗುವ ನೀರನ್ನು ಒಲೆಯ ಮೇಲಿಟ್ಟು, ಕೈ ಒರೆಸಿಕೊಳ್ಳುತ್ತ ನಿಂತಳು. ನೀರು ಬೆಚ್ಚಗಾಗುವ ಹೊತ್ತಿಗೆ ಅವನು ಹೊರಗೆ ಬಂದ. ಹಣೆಯಲ್ಲಿ ಬೆವರಿತ್ತು. ಕಣ್ಣಲ್ಲಿ ನೀರಿತ್ತು, ಅದು ನೋವಿನದೂ ಇರಬಹುದು.

“ತಡ್ಕೊಳ್ಳೋಕಾಯ್ತಾ?” ಎಂದು ಅವಳು ಮೆಲ್ಲಗೆ ಕೇಳಿದಳು.

“ನೀವಿಬ್ರೂ ಮಾತು ನಿಲ್ಸೋವರೆಗೂ ತಡ್ಕೊಂಡೆ.”

ಹೆಂಡತಿ ಅವನನ್ನೊಮ್ಮೆ ನೋಡಿದಳು. “ಹಾಗಾದ್ರೆ ಸಾಮಾನ್ಯದ ಮಾಂಸ ಅಲ್ಲ ಬಿಡಿ ಅದು” ಎಂದು ಹೇಳಿ, ಟಬ್ಬಿಗೆ ನೀರು ಸುರಿಯಲು ಹೋದಳು.